ಇನ್ನು ಮೂವತ್ತೆಂಟು ಕಿಲೋಮೀಟರ್

ಪೆಟ್ರೋಲ್ ಬಂಕ್ ಕಣ್ಣಿಗೆ ಬಿದ್ದಾಗ ಕಾರಿನ ಪರದೆಯ ಮೇಲೆ, ಉಳಿದ ಪೆಟ್ರೋಲಿಗೆ ‘ಇನ್ನು 38 ಕಿ.ಮೀ.’ ಎಂದಿತ್ತು. ಬೆಟ್ಟದ ಮೇಲಿನ ಶಾಲೆಗೆ ಅಲ್ಲಿಂದ ಇಪ್ಪತ್ನಾಲ್ಕು ಕಿಲೋಮೀಟರ್. ಹನ್ನೊಂದು ಗಂಟೆಗೆ ಮುಖ್ಯೋಪಾಧ್ಯಾಯಿನಿ ಹುದ್ದೆಗೆ ಸಂದರ್ಶನ. ಸಂದರ್ಶನಕ್ಕೆ ಹೊರಟವಳು ಫೈಲನ್ನು ಎದೆಗವಚಿಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದಳು. ಕಾರು ಓಡಿಸುತ್ತಿದ್ದವನು ಅವಳ ಗಂಡ, ಪಕ್ಕದಲ್ಲಿದ್ದವರು ಅವಳ ಅಪ್ಪ, ಅವನ ಮಾವ.

“ರೀ, ಐದು ಲೀಟರ್ ಹಾಕಿಸ್ಬಿಡಿ. ಎರಡು ನಿಮಿಷದ ಕೆಲಸ.”

ಗಂಡ ಇಂಡಿಕೇಟರ್ ಹಾಕಿದ. ಮಾವ ಗಂಟಲು ಸರಿಮಾಡಿಕೊಂಡರು. “ಹಾಕಿಸಿ ಅಳಿಯಂದಿರೇ, ಹಾಕಿಸಿ. ನಿಮ್ಮ ಪರದೆ ಮೇಲೆ ನಿಮಗೇ ನಂಬಿಕೆ ಇಲ್ಲ ಅಂತಾಯ್ತು.”

ಇಂಡಿಕೇಟರ್ ಆರಿತು. ಬಂಕ್ ಹಿಂದಕ್ಕೆ ಸರಿಯಿತು.

ಒಂದೇ ಮನೆಯಲ್ಲಿದ್ದ ಇವರಿಬ್ಬರ ಈ ಜಗಳಕ್ಕೆ ಕಾರಿನಷ್ಟೇ ವಯಸ್ಸು, ಎಂಟು ತಿಂಗಳು. ಅಳಿಯ ರಕ್ತಪರೀಕ್ಷೆಯ ಲ್ಯಾಬಿನವನು. ಯಂತ್ರ ತೋರಿಸಿದ ಅಂಕಿಯನ್ನು ಎದುರುಮಾತಿಲ್ಲದೆ ಬರೆದುಕೊಂಡೇ ಬದುಕಿದವನು. ಮಾವ ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರ್. ಯಾವ ಅಂಕಿಯನ್ನೂ ನಂಬದಿದ್ದುದಕ್ಕೇ ಬಡ್ತಿ ಪಡೆದವರು. ಲೀಟರಿಗೆ ಹತ್ತೊಂಬತ್ತು ಕಿಲೋಮೀಟರ್ ಎಂದು ಪರದೆ ಹೇಳಿದರೆ, ಟ್ಯಾಂಕ್ ತುಂಬಿಸಿದಾಗಲೆಲ್ಲ ಅವರು ಗೀಚಿಟ್ಟ ನೋಟ್‌ಬುಕ್ ಹದಿನಾರೂವರೆ ಎನ್ನುತ್ತಿತ್ತು.

“ನನ್ನ ಲೆಕ್ಕದಲ್ಲಿ, ಅದೂ ಏರು ರಸ್ತೆಗೆ, ಇನ್ನು ಹದಿನೈದು ಕಿಲೋಮೀಟರ್, ಅಷ್ಟೇ,” ಎಂದರು ಮಾವ. “ಆಮೇಲೆ ನಿಂತುಬಿಡುತ್ತೆ.”

“ಅಪ್ಪಾ, ನಿಂತ್ರೆ ನನ್ನ ಗತಿ?”

“ನಿಲ್ಲೋ ಪ್ರಶ್ನೆನೇ ಇಲ್ಲ ಕಣೆ,” ಎಂದ ಗಂಡ.

ಏರು ಶುರುವಾಯಿತು. ಮೂರು ತಿರುವು ಕಳೆಯುವಷ್ಟರಲ್ಲಿ ಮೂವತ್ತೆಂಟು ಹೋಗಿ ಇಪ್ಪತ್ತೊಂಬತ್ತಾಯಿತು. ಅಳಿಯ ಏಸಿ ಆರಿಸಿದ. ಇಪ್ಪತ್ತೆರಡಾದಾಗ ಎಲ್ಲರೂ ಕಿಟಕಿ ಏರಿಸಬೇಕೆಂದ, ಗಾಳಿ ಹಿಂದಕ್ಕೆಳೆಯುತ್ತದಂತೆ. ಹದಿನೆಂಟಾದಾಗ, ಯಾಕಿರಲಿ ಎಂದು ರೇಡಿಯೊವನ್ನೂ ನಿಲ್ಲಿಸಿದ. ಮೂವರೂ ಬೆವರಿ ತೊಪ್ಪೆಯಾದರು. ಮಾವನ ಮುಖದಲ್ಲಿ ಮಾತ್ರ ಮದುವೆ ಕಳೆ. ಪರದೆಯ ಮೇಲೆ ಹನ್ನೊಂದು ಇದ್ದಾಗ ಕಾರು ಎರಡು ಸಲ ಕೆಮ್ಮಿ, ರಸ್ತೆ ಬದಿಗೆ ಉರುಳಿ ನಿಂತಿತು.

ಮಾವ ಬಗ್ಗಿ, ಬಂಕ್‌ನಿಂದ ಓಡಿದ ದೂರ ನೋಡಿದರು. “ಹದಿನಾರು! ಒಂದೇ ಕಿಲೋಮೀಟರ್ ವ್ಯತ್ಯಾಸ. ಇಷ್ಟನ್ನು ನಮ್ಮ ಇಲಾಖೆಯೇ ಮಾಫಿ ಮಾಡುತ್ತೆ.”

“ಇದು ಏರು ಮಾವ. ಸಮತಟ್ಟು ರಸ್ತೆಯಾಗಿದ್ರೆ ಪರದೆ ಹೇಳಿದ್ದೇ ಸರಿಯಾಗ್ತಿತ್ತು.”

“ಸಮತಟ್ಟಾಗಿದ್ರೆ ಇದನ್ನ ಬೆಟ್ಟ ಅಂತ ಯಾಕೆ ಕರೀತಿದ್ರು?”

ಬಾನೆಟ್ಟಿನ ಆಚೆಗೊಬ್ಬರು ಈಚೆಗೊಬ್ಬರು ನಿಂತು ವಾದಕ್ಕಿಳಿದರು. ಅವಳು ಸೆರಗು ಸಿಕ್ಕಿಸಿ, ರಸ್ತೆಯ ನಟ್ಟನಡುವೆ ಹೋಗಿ ಕೈ ಚಾಚಿದಳು. ಶಾಲೆಯ ಹಾಸ್ಟೆಲ್ಲಿಗೆ ಬ್ರೆಡ್ ಒಯ್ಯುವ ವ್ಯಾನ್ ಬಂದು ನಿಂತಿತು. ಅದು ಅವಳನ್ನು ಹತ್ತಿಸಿಕೊಂಡು ಹೊರಟದ್ದು ಇಬ್ಬರಿಗೂ ತಿಳಿದದ್ದು ಹೊಗೆ ಮೂಗಿಗೆ ಬಡಿದ ಮೇಲೆ.

“ಇನ್ನು ಎಂಟು ಕಿಲೋಮೀಟರ್. ಹತ್ತೂ ಮುಕ್ಕಾಲಿಗೆ ತಲುಪ್ತಾಳೆ,” ಎಂದರು ಮಾವ.

ಅಳಿಯ ಮೊಬೈಲ್ ತೆಗೆದು ನೋಡಿದ. “ಹತ್ತೂ ಐವತ್ತೆರಡು ಅಂತ ತೋರಿಸ್ತಿದೆ.”

ಅಲ್ಲಿಂದ ಮತ್ತೆ ಶುರುವಾಯಿತು.

ಮಧ್ಯಾಹ್ನ ಎರಡು ಗಂಟೆಗೆ ಅದೇ ವ್ಯಾನಿನಿಂದ ಅವಳು ಇಳಿದಳು. ಕೈಯಲ್ಲಿ ಪ್ಲಾಸ್ಟಿಕ್ ಕ್ಯಾನ್. ಶಾಲೆಯ ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ಇಟ್ಟಿದ್ದ ಪೆಟ್ರೋಲ್. ಇಬ್ಬರೂ ಎದ್ದುಬಿದ್ದು ಓಡಿ ಬಂದರು.

“ಎಷ್ಟು ಲೀಟರಿದೆ?” ಎಂದ ಗಂಡ.

“ಸರಿಯಾಗಿ ನೋಡಿ ಹೇಳಮ್ಮಾ. ಕ್ಯಾನ್ ಮೇಲಿನ ಗೆರೆ ನಂಬೋಕಾಗಲ್ಲ,” ಎಂದರು ಅಪ್ಪ.

ಅವಳು ಪೆಟ್ರೋಲ್ ಸುರಿದಳು. ಕೀಲಿಗೆಂದು ಕೈ ಚಾಚಿದಳು. ಗಂಡ ಕೊಟ್ಟು ಪಕ್ಕದಲ್ಲಿ ಕೂತ. ಅಪ್ಪ ಹಿಂದೆ ಹತ್ತಿಕೊಂಡರು. ಒಂದೇ ಸಲಕ್ಕೆ ಕಾರು ತಿರುಗಿಸಿ ಇಳಿಜಾರಿಗೆ ಬಿಟ್ಟಳು.

ಪರದೆ ನಲವತ್ತು ಎಂದಿತು. ಎರಡು ತಿರುವು ಇಳಿದಾಗ ನಲವತ್ತಾರು. ಆಮೇಲೆ ಐವತ್ತೈದು.

“ನೋಡಿ ಮಾವ, ಏರ್ತಾ ಇದೆ!”

“ಇಳಿಯುವಾಗ ಟ್ಯಾಂಕಿನಲ್ಲಿ ಪೆಟ್ರೋಲ್ ಒಸರುತ್ತಾ ಅಳಿಯಂದಿರೇ? ಬುದ್ಧಿ ಬೇಡವಾ ಅದಕ್ಕೆ?”

“ಅದು ಲೆಕ್ಕ ಹಾಕೋ ರೀತಿನೇ ಬೇರೆ. ಈಗ ನೀವು...”

“ಕೆಲಸ ಸಿಕ್ತು,” ಎಂದಳು ಅವಳು.

ಗಂಡ ಸೀಟ್ ಬೆಲ್ಟನ್ನು ಸುಮ್ಮಸುಮ್ಮನೆ ಎಳೆದು ಸರಿಮಾಡಿಕೊಂಡ. “ಅದನ್ನೇ ಕೇಳೋಣ ಅಂತಿದ್ದೆ ನೋಡು...”

“ಸೋಮವಾರದಿಂದ ಬನ್ನಿ ಅಂದ್ರು. ಕ್ವಾರ್ಟರ್ಸ್ ಕೊಡ್ತಾರೆ. ಒಂದೇ ಕೋಣೆ, ಒಬ್ಬರಿಗೆ ಧಾರಾಳ. ಕಿಟಕಿ ತೆಗೆದ್ರೆ ಕಣಿವೆ ಪೂರ್ತಿ ಕಾಣುತ್ತೆ. ನೋಡಿಕೊಂಡು ಬಂದೆ.” ಗೇರ್ ಬದಲಿಸಿ, ಒಂದು ಕ್ಷಣ ಬಿಟ್ಟು ಸೇರಿಸಿದಳು, “ತುಂಬಾ ನಿಶ್ಶಬ್ದವಾಗಿದೆ.”

ನಾಲ್ಕು ತಿರುವು ಕಳೆಯಿತು. ಯಾರೂ ಪರದೆ ನೋಡಲಿಲ್ಲ.

“ಕ್ವಾರ್ಟರ್ಸ್ ಯಾಕೆ ಈಗ?” ಗಂಡನ ದನಿ ಸಣ್ಣಗಾಗಿತ್ತು. “ಮನೆಯಿಂದಲೇ ಓಡಾಡಬಹುದಲ್ಲ. ಬೇಕಿದ್ರೆ ದಿನಾ ನಾನೇ ಬಿಟ್ಟು ಬರ್ತೀನಿ. ಹೋಗಿ ಬರೋಕೆ ಎಲ್ಲ ಸೇರಿ ಅರವತ್ತೆರಡೇ ಕಿಲೋಮೀಟರ್.”

ಹಿಂದಿನ ಸೀಟಿನಿಂದ ಮಾವ ಇಬ್ಬರ ನಡುವೆ ತಲೆ ತೂರಿಸಿದರು.

“ಅರವತ್ತೆರಡೆಲ್ಲಿ ಬಂತು ಅಳಿಯಂದಿರೇ?” ಎಂದು ಗದರಿ, ಮಗಳ ಕಡೆ ತಿರುಗಿದರು. “ಐವತ್ತೂ ಇಲ್ಲಮ್ಮಾ. ಕಣ್ಣು ಮುಚ್ಚಿ ತೆಗೆಯೋಷ್ಟರಲ್ಲಿ ಬಂದುಬಿಡುತ್ತೆ.”