ಬಂದವರಿಗೆ ನೀರು

ನೀರುಗಂಟಿ ಓಬಳೇಶನಿಗೆ ಅವತ್ತು ಬೆಳಗಿನಿಂದ ಮನೆಮನೆಯ ಕೊಳಾಯಿಗೆ ಸೀಲು ಹಾಕುವುದೇ ಕೆಲಸ. ಎರಡು ಊರಿಗೆ ಸಾಲುವಷ್ಟು ನೀರಿಲ್ಲ. ಈ ಊರಿಗೆ ನಿಲ್ಲಿಸಿ ಪಕ್ಕದೂರಿಗಷ್ಟೇ ನೀರು ಬಿಡುವುದೆಂದು ಮೇಲಿನವರು ತೀರ್ಮಾನಿಸಿದ್ದರು.

ಆದರೂ ಯಾವ ಮನೆಯವರೂ ಮರ್ಯಾದೆ ಮರೆಯಲಿಲ್ಲ. ಮಳೆ ಕೈಕೊಟ್ಟ ಮೇಲೆ, ಬಂದವರಿಗೆ ಖಾಲಿ ಚೊಂಬು ಕೊಡುವುದು ರೂಢಿ. ಬಂದವರು ಬಾಯಿ ಮುಚ್ಚಿಕೊಂಡೇ ಅದನ್ನೆತ್ತಿ ಬಗ್ಗಿಸಿ, "ಹೊಟ್ಟೆ ತಣ್ಣಗಾಯ್ತು" ಅನ್ನಬೇಕು. ಮನೆಮನೆಯಲ್ಲೂ ಹಾಗೆ ತಣ್ಣಗಾಗಿ ಆಗಿ ಓಬಳೇಶನ ಬಾಯಿಯ ಪಸೆಯೇ ಆರಿಹೋಗಿತ್ತು.

ಕೊನೆಯದು ಕೆಂಚಮ್ಮಜ್ಜಿಯ ಮನೆ. ಅಂಗಳದ ಕೊಳಾಯಿ ಬಿಗಿದು ಸೀಲು ಒತ್ತಿ, ಅವನು ಜಗಲಿಯ ಮೇಲೆ ಕುಸಿದು ಕೂತ.

"ಬೈಯಿ ಅಜ್ಜಿ, ಒಬ್ಬರಾದ್ರೂ ಬೈದುಬಿಡ್ರಿ."

"ನಿನ್ನ ಬೈದ್ರೆ ಮಳೆ ಬತ್ತದೇನಪ್ಪಾ? ಬಿಸ್ಲಲ್ಲಿ ಬಂದಿದೀಯ, ತಗೊ" ಎಂದು ಅಜ್ಜಿ ಹಿತ್ತಾಳೆ ಚೊಂಬು ತಂದು ಕೊಟ್ಟಳು.

ಹಳೇ ಕಾಲದ ಚೊಂಬು, ಬಲು ಭಾರ. ಓಬಳೇಶ ಕಣ್ಣು ಮುಚ್ಚಿ, ರೂಢಿಯಂತೆ ಎತ್ತಿ ಬಗ್ಗಿಸಿದ.

ತಣ್ಣನೆಯ ನೀರು ಅವನ ಮುಚ್ಚಿದ ತುಟಿಯ ಮೇಲೆ ಬಿದ್ದು, ಗಡ್ಡದಿಂದ ಅಂಗಿಗೆ, ಅಂಗಿಯಿಂದ ಮಣ್ಣಿಗೆ ಇಳಿದುಹೋಯಿತು.

"ಅಯ್ಯೋ ಮಗನೇ, ಇದ್ದಿದ್ದೇ ಅಷ್ಟು" ಅಂದಳು ಅಜ್ಜಿ. "ಬಾಯಿ ತೆಗೀಬಾರ್ದಿತ್ತೇನೋ?"