ಬಾಯಿಗೆ ನಾಲ್ಕು ಏಲಕ್ಕಿ

ಪಾಯಸಕ್ಕೆ ಏಲಕ್ಕಿ ಕುಟ್ಟುವಾಗ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಅಪ್ಪ ಭದ್ರಾವತಿಯಲ್ಲಿ ಲಾರಿ ಮೆಕ್ಯಾನಿಕ್ ಆಗಿದ್ದ. ಅವನ ಶ್ವಾಸಕೋಶ ಕೆಟ್ಟಿತ್ತು, ಜೊತೆಗೆ ಶುಗರ್ ಇತ್ತು, ಹಾರ್ಟಿನ ತೊಂದರೆಯೂ ಇತ್ತು. ಅಮ್ಮ ಕಾವಲು ಕಾಯುತ್ತಿದ್ದದ್ದು ಸಕ್ಕರೆ ಡಬ್ಬಿಯನ್ನು ಮಾತ್ರ. "ಸಕ್ಕರೆ ಬಿಟ್ಟಿದೀನಲ್ಲ ಮಾರಾಯ್ತಿ, ಬೀಡೀನೂ ಬಿಟ್ರೆ ಕಫ ಹೊರಗೆ ಬರೋದು ಹೇಗೆ?" ಅಂತ ಅಪ್ಪ ಕೇಳಿದರೆ, ಅವಳಿಗೂ ಅದು ಸರಿ ಅನ್ನಿಸುತ್ತಿತ್ತು.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಶಿವಮೊಗ್ಗದಲ್ಲಿ, ಡಾಕ್ಟರ ಕೋಣೆಯ ಹೊರಗೆ, ಅಮ್ಮ ಅಪ್ಪನ ಬಾಯಿಗೆ ನಾಲ್ಕು ಏಲಕ್ಕಿ ಹಾಕಿದಳು.

"ಬೀಡಿ ಬಿಟ್ರಾ?" ಅಂತ ಡಾಕ್ಟರು ಕೇಳಿದರು.

"ಆರು ತಿಂಗಳಾಯ್ತು ಸಾರ್" ಅಂದ ಅಪ್ಪ.

ಡಾಕ್ಟರು ನನ್ನ ಕಡೆ ತಿರುಗಿದರು. "ಹೌದಾ ಪುಟ್ಟಿ?"

ಅಮ್ಮ ಹಿಂದಿನಿಂದ ನನ್ನ ರಟ್ಟೆ ಚಿವುಟಿದಳು. "ಹೌದು" ಅಂದೆ.

"ಮತ್ಯಾಕೆ ಉಸಿರು ಇನ್ನೂ ಕಮ್ಮಿ ಆಗ್ತಿದೆ?" ಅಂತ ಗೊಣಗುತ್ತಾ ಅವರು ಇನ್ನೊಂದು ಮಾತ್ರೆ ಬರೆದರು.

ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಏಲಕ್ಕಿ ಸಿಪ್ಪೆ ಉಗಿದು ಬೀಡಿ ಹಚ್ಚಿದ. "ಮಗಳು ಮರ್ಯಾದೆ ಉಳಿಸಿದ್ಲು" ಅಂತ ಕೆಮ್ಮುತ್ತಲೇ ನನಗೆ ಜಿಲೇಬಿ ಕೊಡಿಸಿದ. ತಾನೂ ಒಂದು ತುಂಡು ಮುರಿಯಲು ಕೈ ಚಾಚಿದ.

ಅಮ್ಮ ಆ ಕೈಗೆ ಪಟ್ಟನೆ ಹೊಡೆದಳು.

"ಮುಟ್ಟಬೇಡಿ, ಶುಗರ್ ಇದೆ ನಿಮಗೆ."