ಎರಡಕ್ಕೆ ನಾಲ್ಕು ಕೂಡಿದರೆ

ಲಿಂಗಂಪಲ್ಲಿಯ ಅಹಲ್ಯಾಬಾಯಿಯ ಖಾನಾವಳಿಗೆ ಬೆಳಿಗ್ಗೆ ರೊಟ್ಟಿ ಒಯ್ಯಲು ಬಂದ ಮನೋಜ ಬಾಗಿಲಲ್ಲೇ ದಂಗಾಗಿ ನಿಂತ. ಪಡಸಾಲೆಯ ಬೆಂಚು, ಕಿಟಕಿಕಟ್ಟೆ, ಕೊನೆಗೆ ಹೊಲಿಗೆ ಯಂತ್ರದ ಮೇಲೂ ಜೋಳದ ರೊಟ್ಟಿಯ ಗುಡ್ಡೆ. ಒಂದೊಂದರ ಮೇಲೂ ಅವನ ಹೈಟೆಕ್ ಸಿಟಿ ಆಫೀಸಿನ ಒಬ್ಬೊಬ್ಬರ ಹೆಸರಿನ ಚೀಟಿ.

"ಸಾಫ್ಟ್‌ವೇರ್ ಮಂದಿ ಭಾಳ ಉಣ್ತೀರಿ ಬಿಡ್ರಿ," ಅಂದರು ಅಹಲ್ಯಾಬಾಯಿ, ಮೊಣಕೈಯಿಂದ ಹಣೆ ಒರೆಸಿಕೊಳ್ಳುತ್ತ. "ಸೀತಾರಾಮ ಸಾಹೇಬ್ರ ಒಂದು ಮನೀಗೇ ಇಪ್ಪತ್ನಾಕು. ನಾನೂ ನನ್ನ ಮಗಳು ನೀಲಾನೂ ನಸುಕಿನ್ಯಾಗ ಎದ್ದು ಬಡ್ಯಾಕತ್ತೀವಿ."

ಆಫೀಸಿನ ಯುಗಾದಿ ಊಟಕ್ಕೆ ರೊಟ್ಟಿಯ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ ಬರೆದವನು ಮನೋಜನೇ. ನೌಕರನಿಗೆ ಎರಡು ಖಾಯಂ. ಮನೆಯವರಿಗೆ ಎಷ್ಟು ಬೇಕೋ ಅದನ್ನು ಅವರವರೇ ಟೈಪ್ ಮಾಡಬೇಕು. ಸೀತಾರಾಮ ನಾಲ್ಕು ಅಂತ ಒತ್ತಿದ್ದರು. ಆರು ಆಗಬೇಕಿತ್ತು. ಬಂದ ಉತ್ತರವನ್ನು ಮನೋಜ ಕಣ್ಣೆತ್ತಿಯೂ ನೋಡದೆ ಪ್ರಿಂಟ್ ತೆಗೆದು ಖಾನಾವಳಿಗೆ ಕೊಟ್ಟುಹೋಗಿದ್ದ, ಪುಣ್ಯಾತ್ಮ.

ತಪ್ಪು ತನ್ನದೆಂದು ತಡವರಿಸುತ್ತ ವಿವರಿಸಿದ. ತಾನು ಬರೆದಿಟ್ಟ ಎರಡು ಎಂಬುದು ಕಂಪ್ಯೂಟರಿಗೆ ಅಂಕಿ. ಜನ ಟೈಪ್ ಮಾಡಿದ ನಾಲ್ಕು ಎಂಬುದು ಬರೀ ಅಕ್ಷರ. ಕೂಡಿಸುವಾಗ ಇವೆರಡೂ ಎದುರಾದರೆ ಆ ಪ್ರೋಗ್ರಾಂ ಭಾಷೆ ತಕರಾರು ತೆಗೆಯುವುದಿಲ್ಲ. ತನ್ನಷ್ಟಕ್ಕೆ ಅಂಕಿಯನ್ನೂ ಅಕ್ಷರ ಮಾಡಿಕೊಂಡು ಪಕ್ಕಪಕ್ಕ ಕೂರಿಸಿಬಿಡುತ್ತದೆ. ಎರಡರ ಪಕ್ಕ ನಾಲ್ಕು, ಇಪ್ಪತ್ತನಾಲ್ಕು.

"ಒಂದು ಮಾತು ಕೇಳಬಾರದೇನ್ರಿ ಅದು?"

"ಕೇಳೋದಿಲ್ಲ. ನಾಲ್ಕನ್ನ ಮೊದಲು ಅಂಕಿ ಮಾಡು ಅಂತ ನಾನೇ ಹೇಳಬೇಕಿತ್ತು."

ಅದು ಅಹಲ್ಯಾಬಾಯಿಯ ಮೊದಲ ದೊಡ್ಡ ಆರ್ಡರು, ಇವನ ಮಾತು ನಂಬಿ ಹಿಡಿದದ್ದು. ಮನೆಯ ಹಿಟ್ಟೆಲ್ಲ ಖಾಲಿ. ಉಡುಪಿ ಬಿಟ್ಟು ಹೈದರಾಬಾದಿಗೆ ಬಂದ ಮೇಲೆ ಮನೋಜನಿಗೆ ಹೊಟ್ಟೆ ತುಂಬುತ್ತಿದ್ದದ್ದು ಇದೊಂದೇ ಕಡೆ. ಆ ಅನ್ನಕ್ಕೂ ಕಲ್ಲು ಹಾಕಿಕೊಂಡೆನಲ್ಲ ಅಂದುಕೊಂಡ. ಅಹಲ್ಯಾಬಾಯಿ ಬೇಕಾದಷ್ಟು ಕಟ್ಟಿಕೊಟ್ಟು, ಉಳಿದ ರೊಟ್ಟಿಗಳನ್ನು ಖಡಕ್ ಮಾಡಲು ಸಣ್ಣ ಉರಿಗೆ ಹಾಕಿದರು. ಖಡಕ್ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ, ನಿಜ. ಆದರೆ ಅವರು ಬೈದಿದ್ದರೆ ಚೆನ್ನಾಗಿತ್ತು ಅಂತ ಮನೋಜನಿಗೆ ದಿನವಿಡೀ ಅನ್ನಿಸಿತು.

ಸಂಜೆ ಅಳುಕುತ್ತಲೇ ಬಂದು ಎಂದಿನ ಬೆಂಚಿನಲ್ಲಿ ಕೂತ. ಎಲ್ಲರಿಗೂ ತಟ್ಟೆ ಬಂತು, ಅವನಿಗೆ ಬರಲಿಲ್ಲ. ಇಲ್ಲಿಗೆ ಋಣ ಮುಗಿಯಿತು ಅಂದುಕೊಂಡು ಏಳುವಷ್ಟರಲ್ಲಿ ಒಳಗಿಂದ ಕರೆ ಬಂತು. ಗಿರಾಕಿಗಳು ಎಂದೂ ಕಾಲಿಡದ ಅಡುಗೆಮನೆಯಲ್ಲಿ, ಅಹಲ್ಯಾಬಾಯಿಯ ಗಂಡ ಸತೀಶರ ಪಕ್ಕ, ನೆಲದ ಮೇಲೆ ಅವನ ತಟ್ಟೆ ಇಟ್ಟಿತ್ತು. ಖಡಕ್ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಎರಡು ತಿಂದು, ಸಾಕೆಂದು ಕೈ ಅಡ್ಡ ಹಿಡಿದ. ಕೈಯ ಮೇಲೇ ಇನ್ನೊಂದು ಬಿತ್ತು.

"ಒಂದು ಮಾತು ಕೇಳಬಾರದೇ?" ಅಂದ, ಕಣ್ಣು ತುಂಬಿಕೊಂಡು.

"ಮನಿ ಮಂದೀನ ಏನ್ ಕೇಳೂದು?" ಅಂದರು ಅಹಲ್ಯಾಬಾಯಿ, ಮತ್ತೊಂದು ರೊಟ್ಟಿ ಮುರಿಯುತ್ತ.